ನೆಟ್ಟಗಾಗದ ಮಂಡಿ

ಲಿಗಮೆಂಟ್ ಆಪರೇಷನ್ ಆದ ಮಂಡಿ ನಿಧಾನವಾಗಿ ಮಡಚಿದರೂ ಅಡ್ಡಿಯಿಲ್ಲ, ಚಾಚುವುದು ಮಾತ್ರ ಮೊದಲ ಕೆಲವು ವಾರಗಳಲ್ಲೇ ಬಂದುಬಿಡಬೇಕು. ಇದು ನಮಗೆ ಮೊದಲ ವರ್ಷದಲ್ಲೇ ಬಾಯಿಪಾಠ ಮಾಡಿಸಿದ್ದ ಮಾತು. ಕಾಲು ಪೂರ್ತಿ ಚಾಚದಿದ್ದರೆ ತೊಡೆಯ ಸ್ನಾಯು ಸೊರಗುತ್ತದೆ, ನಡಿಗೆ ಕುಂಟುತ್ತದೆ, ಓಟ, ಜಿಗಿತ ಯಾವುದೂ ಮುಂದಕ್ಕೆ ಹೋಗುವುದಿಲ್ಲ. ಪರೀಕ್ಷೆಯಲ್ಲಿ ಇದನ್ನೇ ಚಿತ್ರಸಹಿತ ಬರೆದು ಒಳ್ಳೆಯ ಅಂಕ ತೆಗೆದವಳು ನಾನು. ಆದರೆ ಕ್ರೀಡಾ ಫಿಸಿಯೋಥೆರಪಿಯ ಸ್ನಾತಕೋತ್ತರ ಕೋರ್ಸಿನ ಕೊನೆಯ ವರ್ಷದಲ್ಲಿ ನನ್ನ ಕೈಗೆ ಬಂದ ಮಂಡಿ ಪುಸ್ತಕ ಓದಿರಲಿಲ್ಲ. ಅದು ಹಟ ಹಿಡಿದು ಕೂತಿತು.

ಅದು ನನ್ನ ಪಾಲಿಗೆ ಬಂದದ್ದು ನಾನು ಜಾಣೆ ಎಂದಲ್ಲ, ನನಗೆ ಕನ್ನಡ ಬರುತ್ತದೆ ಎಂದು. ಚೆನ್ನೈಯ ನಮ್ಮ ವಿಶ್ವವಿದ್ಯಾಲಯದ ಕ್ಲಿನಿಕ್ಕಿನಲ್ಲಿ ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ಕೇಸು ಹಂಚುತ್ತಾರೆ. ಆಪರೇಷನ್ ಆದಾಗಿನಿಂದ ಆಟಗಾರ ಮೈದಾನಕ್ಕೆ ಮರಳುವವರೆಗೆ ಅದರ ಬೆನ್ನು ಬಿಡುವಂತಿಲ್ಲ. ಕೊನೆಗೆ ಪರೀಕ್ಷಕರ ಎದುರು ವಿವರಿಸಬೇಕಾದದ್ದೂ ಅದನ್ನೇ. ಜೊತೆಯವರಿಗೆ ಫುಟ್‌ಬಾಲ್ ಆಟಗಾರ, ಓಟಗಾರ, ಈಜುಗಾರ್ತಿ ಸಿಕ್ಕರು. ನನಗೆ ಸಿಕ್ಕವಳು ಸಿನಿಮಾ ಡೂಪ್. ನಾಯಕಿ ಗೋಡೆ ಹಾರುವ, ಮೆಟ್ಟಿಲಿನಿಂದ ಉರುಳುವ ದೃಶ್ಯಗಳಲ್ಲಿ ನಾಯಕಿಯ ಬಟ್ಟೆ ತೊಟ್ಟು ನಿಜಕ್ಕೂ ಹಾರುವವಳು, ಉರುಳುವವಳು. ಒಂದು ಶೂಟಿಂಗಿನಲ್ಲಿ ಮಹಡಿಯಿಂದ ಜಿಗಿದಾಗ ಕೆಳಗೆ ಹಾಸಿದ್ದ ಎರಡು ಮ್ಯಾಟುಗಳ ಸಂದಿಗೆ ಅವಳ ಬಲಗಾಲು ಇಳಿದು, ಮಂಡಿ ತಿರುಚಿ, ಒಳಗೆ ಎಲುಬುಗಳನ್ನು ಬಿಗಿದಿಡುವ ಲಿಗಮೆಂಟ್ ಹರಿದಿತ್ತು. ನಮ್ಮ ಆಸ್ಪತ್ರೆಯ ಸರ್ಜನ್ ಅವಳ ತೊಡೆಯ ಹಿಂಬದಿಯ ಸ್ನಾಯುವಿನ ತುದಿಯನ್ನೇ ತೆಗೆದು ಹೊಸ ಲಿಗಮೆಂಟ್ ಕಟ್ಟಿದ್ದರು.

"ಉಂಗ ಊರು ಪೊಣ್ಣು, ನೀಯೇ ಪಾತ್ತುಕ್ಕೋ," ಎಂದರು ನನ್ನ ಗೈಡ್. ನಿಮ್ಮೂರ ಹುಡುಗಿ, ನೀನೇ ನೋಡಿಕೋ. ಅವಳು ತಮಿಳುನಾಡಿನ ಗಡಿಯ ಹೊಸೂರಿನವಳು. ನಮ್ಮ ಮನೆಯವರು ಕುಂದಾಪುರದ ಕಡೆಯವರು. ಅಪ್ಪಯ್ಯ ವಡಪಳನಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರು. ಹೊಸೂರಿನ ಕನ್ನಡಕ್ಕಿಂತ ತಮಿಳೇ ನಮ್ಮ ಅಪ್ಪಯ್ಯನಿಗೆ ಬೇಗ ತಿಳಿಯುತ್ತದೆ. ಗೈಡಿಗೆ ಮಾತ್ರ ಕನ್ನಡ ಮಾತಾಡುವವರೆಲ್ಲರೂ ಒಂದೇ ಊರಿನವರು.

ಮಂಚದ ಮೇಲೆ ಕೂತ ಹುಡುಗಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ: "ಡಾಕ್ಟರಕ್ಕಾ, ಯಾವಾಗಿಂದ ಎಗರ್ಬೋದು?"

"ಮೊದ್ಲು ಕಾಲು ಚಾಚು," ಎಂದೆ.

ಕಾಲು ಚಾಚಿಸುವ ಕೆಲಸದಲ್ಲಿ ಗುಟ್ಟೇನೂ ಇಲ್ಲ. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮಂಡಿ ತನ್ನ ಭಾರಕ್ಕೆ ತಾನೇ ಇಳಿಯಲು ಬಿಡಬೇಕು. ಬೋರಲಾಗಿ ಮಲಗಿಸಿ, ಎರಡೂ ಕಾಲನ್ನು ಮಂಚದ ಅಂಚಿನಾಚೆ ಜೋಲುಬಿಡಬೇಕು. ಮಂಡಿಚಿಪ್ಪನ್ನು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಸರಿಸಬೇಕು. ತೊಡೆ ಬಿಗಿಹಿಡಿದು ಸಡಿಲಿಸುವುದನ್ನು ಹೇಳಿಕೊಡಬೇಕು. ಇಷ್ಟನ್ನೂ ಬೇಸರವಿಲ್ಲದೆ, ಮತ್ತೆ ಮತ್ತೆ. ಮೊದಮೊದಲು ಅವಳ ಮಂಡಿಯೂ ಎಲ್ಲರದರಂತೆಯೇ ಬಿಟ್ಟುಕೊಡುತ್ತ ಬಂತು. ಬಾವು ಇಳಿಯಿತು. ಊರುಗೋಲು ಹೋಯಿತು. ಆಮೇಲೆ ಒಂದು ಹಂತದಲ್ಲಿ ನಿಂತುಬಿಟ್ಟಿತು. ಕಾಲು ಚಾಚಿದಾಗ ಮಂಡಿಗೂ ಮಂಚಕ್ಕೂ ನಡುವೆ ನನ್ನ ಅಂಗೈ ನುಸುಳುವಷ್ಟು ಸಂದಿ. ಇನ್ನೊಂದು ಕಾಲಿನ ಕೆಳಗೆ ಕಾಗದವೂ ತೂರುತ್ತಿರಲಿಲ್ಲ.

ಅಲ್ಲಿಂದಾಚೆ ವಾರಗಟ್ಟಲೆ ನಮ್ಮಿಬ್ಬರ ನಡುವೆ ನಡೆದದ್ದು ಇದೇ ಮಾತುಕತೆ.

"ಮನೇಲಿ ಮಾಡ್ತಿದ್ದೀಯಾ?"

"ಮಾಡ್ತಾ ಇವ್ನಿ ಅಕ್ಕ. ಕಂಡಿಪ್ಪಾ, ಖಂಡಿತಾ ಮಾಡ್ತಾ ಇವ್ನಿ."

"ಮಾಡಿದ್ರೆ ಹೀಗೆ ಇರ್ತಿತ್ತಾ?"

"ಗೊತ್ತಿಲ್ಲಕ್ಕ."

ಈ 'ಗೊತ್ತಿಲ್ಲಕ್ಕ' ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೆಟ್ರೋ ಕಾಮಗಾರಿಗೆ ಅಗೆದ ರಸ್ತೆಯಲ್ಲಿ ಬಸ್ಸಿನೊಳಗೆ ಬೆಂದು, ಕ್ಲಿನಿಕ್ಕು ಸೇರಿ, ಕೆಟ್ಟ ಏಸಿಯ ಕೆಳಗೆ ನಾನು ಅವಳ ಮಂಡಿ ಒತ್ತುವುದು. ಅವಳು ಮನೆಗೆ ಹೋಗಿ ಏನೂ ಮಾಡದೆ ಬಂದು ಗೊತ್ತಿಲ್ಲಕ್ಕ ಎನ್ನುವುದು. ಅವಳು ಏನೂ ಮಾಡುತ್ತಿಲ್ಲ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಸಾಲದ್ದಕ್ಕೆ ಒಂದು ದಿನ ಅವಳು ಬರಲೇ ಇಲ್ಲ. ಸಂಜೆ ನೋಡಿದರೆ ಅವಳ ವಾಟ್ಸ್ಯಾಪ್ ಸ್ಟೇಟಸ್‌ನಲ್ಲಿ ಶೂಟಿಂಗ್ ಸೆಟ್ಟಿನ ಫೋಟೋ! ಅವಳಿಗೆ ಕೆಲಸ ಕೊಡುವ ಫೈಟ್ ಮಾಸ್ಟರ್ ಪಕ್ಕದಲ್ಲಿ ಹಲ್ಲು ಕಿರಿದು ನಿಂತಿದ್ದಾಳೆ, ಬಲಮಂಡಿ ಅರೆಬಾಗಿದೆ.

ಮರುದಿನ ಚೆನ್ನಾಗಿ ಬೈದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು.

"ಸುಮ್ಮಾ ನೋಡಾಕೆ ಓಗಿದ್ದೆ ಅಕ್ಕ. ಮಾಸ್ಟರ್ ಕಣ್ಣಿಗೆ ಬೀಳ್ದೇ ಓದ್ರೆ ಮರ್ತ್‌ಬುಡ್ತಾರೆ. ನನ್ನಷ್ಟೇ ಎತ್ರದ ಇನ್ನೊಂದು ಉಡ್ಗಿ ಬಂದವ್ಳೆ. ಚೆನ್ನಾಗೇ ಎಗರ್ತಾಳೆ."

"ಅವ್ಳ ಮಂಡಿ ನೆಟ್ಟಗಿದೆ, ಎಗರ್ತಾಳೆ. ನಿಂದು ನೆಟ್ಟಗಾಗೋದು ಬೇಡ್ವಾ?"

"ಬೇಕಕ್ಕ," ಎಂದಳು. ಯಾರು ಏನು ಹೇಳಿದರೂ ಸರಿ ಎನ್ನುವ ಹುಡುಗಿ ಅದು. ಮಾಸ್ಟರ್ ಹಾರು ಎಂದರೂ ಸರಿ, ನಾನು ಮಲಗು ಎಂದರೂ ಸರಿ. ಇಂಥವರನ್ನು ಬೈದರೆ ಬೈದ ಸಮಾಧಾನವೂ ಸಿಗುವುದಿಲ್ಲ.

ಗೈಡಿಗೆ ಹೇಳಿದೆ. ಅವರು ಬೆಳಿಗ್ಗೆ ಬಂದು ಎಲ್ಲರ ಕೇಸುಗಳ ಮೇಲೂ ಒಮ್ಮೆ ಕಣ್ಣಾಡಿಸಿ, ಮಧ್ಯಾಹ್ನದೊಳಗೆ ಅಣ್ಣಾ ನಗರದ ತಮ್ಮ ಸ್ವಂತ ಕ್ಲಿನಿಕ್ಕಿಗೆ ಹೊರಡುವವರು. ಕಾರಿನ ಕೀ ಬೆರಳಲ್ಲಿ ತಿರುಗಿಸುತ್ತಲೇ ಮಂಡಿಯನ್ನೊಮ್ಮೆ ನೋಡಿದರು. "ಪೇಷೆಂಟ್ ಕೋಆಪರೇಟ್ ಮಾಡ್ತಿಲ್ಲಮ್ಮಾ, ಅಷ್ಟೇ. ನೀನೂ ತುಂಬಾ ಸಾಫ್ಟ್. ವೆಯ್ಟ್ ಹಾಕಿ ತಳ್ಳು."

ತಳ್ಳಿದೆ. ಬೋರಲು ಮಲಗಿಸಿ, ಜೋಲುವ ಕಣಕಾಲಿಗೆ ಮರಳಿನ ಚೀಲ ಕಟ್ಟಿದೆ. ಅದು ಸಾಲದೆ ಇನ್ನೂ ಭಾರದ್ದನ್ನು ಕಟ್ಟಿದೆ. ಅಂಗಾತ ಮಲಗಿಸಿ, ಎರಡೂ ಕೈ ಊರಿ, ನನ್ನ ಮೈಭಾರವನ್ನೆಲ್ಲ ಹಾಕಿದೆ. ಅವಳು ದುಪಟ್ಟಾ ಬಾಯಿಗೆ ತುರುಕಿಕೊಂಡಳೇ ಹೊರತು ಸಾಕು ಎನ್ನಲಿಲ್ಲ. ಮರುದಿನ ಮಂಡಿ ಊದಿಕೊಂಡು ಬಂತು. ಬಾವು ಇಳಿಯುವವರೆಗೆ ಐಸ್ ಇಟ್ಟು ಕಾದು, ಮತ್ತೆ ತಳ್ಳಿದೆ. ಮತ್ತೆ ಊದಿತು. ಹೀಗೆ ತಳ್ಳುತ್ತಿರುವಾಗ ಒಂದು ದಿನ ಕೊನೆಯಲ್ಲಿ ಒಳಗೆ 'ಟಕ್' ಎಂದಿತು. ಕಿವಿಗೆ ಕೇಳಿಸಿದ್ದಕ್ಕಿಂತ ಅಂಗೈಗೆ ತಿಳಿದದ್ದೇ ಹೆಚ್ಚು. ಬಿಗಿದ ಸ್ನಾಯು ಹೀಗಿರುವುದಿಲ್ಲ. ಅದನ್ನು ಎಳೆದರೆ ರಬ್ಬರಿನಂತೆ ತುಸು ತುಸುವೇ ಬಿಟ್ಟುಕೊಡುತ್ತದೆ. ಇಲ್ಲಿ ಬಾಗಿಲು ಮುಚ್ಚಲು ಹೋದಾಗ ಸಂದಿಯಲ್ಲಿ ಕಲ್ಲು ಸಿಕ್ಕಿಕೊಂಡಂತೆ ಕಾಲು ಅಲ್ಲಿಯವರೆಗೆ ಸಲೀಸಾಗಿ ಬಂದು ಗಕ್ಕನೆ ನಿಲ್ಲುತ್ತಿತ್ತು. ಅಂಗೈಗೆ ತಿಳಿದದ್ದನ್ನು ತಲೆ ಒಪ್ಪಿಕೊಳ್ಳಲಿಲ್ಲ. ಸರ್ಜನ್ ನೋಡಿದ್ದಾರೆ, ಗೈಡ್ ನೋಡಿದ್ದಾರೆ, ನಾನು ಯಾವ ಊರಿನ ದೊಡ್ಡಮನುಷ್ಯೆ?

ಮನೆಯಲ್ಲಿ ಊಟದ ಮುಂದೆ ಸುಮ್ಮನೆ ಕೂತಿದ್ದು ಅಪ್ಪಯ್ಯನ ಕಣ್ಣಿಗೆ ಬಿತ್ತು.

"ಎಂತ ಮಗಾ, ಮೋರಿ ಹೀಂಗ್ ಮಾಡ್ಕಂಡ್ ಕೂತಿದ್ದೆ?"

"ಒಂದ್ ಹೆಣ್ಣಿನ ಕಾಲ್ ನೆಟ್ಟಗ್ ಆತಿಲ್ಲ, ಅಪ್ಪಯ್ಯ."

"ಅಷ್ಟೇಯಾ? ಎಳ್ಳೆಣ್ಣಿ ಬಿಸಿ ಮಾಡಿ ತಿಕ್ಕುಕ್ ಹೇಳ್. ನಮ್ಮ ಅಡುಗೆ ಭಟ್ರಿಗೆ ಅದ್ರಲ್ಲೇ ಗುಣ ಆಯಿತ್."

"ಅವ್ರಿಗ್ ಆದ್ದ್ ಸೊಂಟನೋವ್!"

"ಎಲ್ಲ ಒಂದೇ ಮಗಾ," ಎಂದು ಅಪ್ಪಯ್ಯ ಇನ್ನೊಂದು ಸೌಟು ಸಾರು ಬಡಿಸಿದರು. ಆ ಮಂಡಿಯ ವಿಷಯದಲ್ಲಿ ಸಲಹೆ ಕೊಡದೆ ಉಳಿದವರು ಚೆನ್ನೈಯಲ್ಲಿ ಬಹುಶಃ ಯಾರೂ ಇರಲಿಲ್ಲ.

ಅವಳ ರೂಮು ವಡಪಳನಿಯಲ್ಲೇ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಇವಳ ಕಳ್ಳಾಟವನ್ನು ಕಣ್ಣಾರೆ ನೋಡಿಯೇಬಿಡುತ್ತೇನೆಂದು ಒಂದು ಬೆಳಿಗ್ಗೆ ಬಸ್‌ಸ್ಟಾಪಿಗೆ ಹೋಗುವ ಮೊದಲು, ಹೇಳದೆ ಕೇಳದೆ ಆ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದೇ ಇತ್ತು. ಒಳಗೆ ಅವಳು ನೆಲದ ಮೇಲೆ ಅಂಗಾತ ಮಲಗಿದ್ದಾಳೆ. ಹಿಮ್ಮಡಿ ಬೋರಲು ಹಾಕಿದ ಪಾತ್ರೆಯ ಮೇಲೆ. ಮಂಡಿಯ ಮೇಲೆ ಅಕ್ಕಿಯ ಚೀಲ. ಆ ಚೀಲದ ಮೇಲೆ, ಗೋಡೆ ಹಿಡಿದುಕೊಂಡು, ಅವಳ ಜೊತೆ ರೂಮಿನಲ್ಲಿರುವ ಗ್ರೂಪ್ ಡ್ಯಾನ್ಸಿನ ಹೆಂಗಸು ಒಂದು ಕಾಲೂರಿ ನಿಂತಿದ್ದಾಳೆ!

"ಇಳೀರಿ! ಮೊದ್ಲು ಇಳೀರಿ ಕೆಳಗೆ!" ಎಂದು ಕಿರುಚಿದೆ.

ಆ ಹೆಂಗಸು ಹೆದರಿ ಇಳಿದಳು. ಹುಡುಗಿ ಎದ್ದು ಕೂತು ಕಣ್ಣೊರೆಸಿಕೊಂಡಳು. "ನೀವೇ ತಾನೇ ಅಕ್ಕ ಜಾಸ್ತಿ ತಳ್ಬೇಕು ಅಂದಿದ್ದು? ದಿನಾ ಮಾಡ್ತಾ ಇವ್ನಿ. ಬೆಳಿಗ್ಗೆನೂ ಮಾಡ್ತೀನಿ, ಸಂಜೆನೂ ಮಾಡ್ತೀನಿ. ಇವ್ರೂ ಪಾವಂ, ರಿಹರ್ಸಲ್ ಮುಗ್ಸಿ ಸುಸ್ತಾಗಿ ಬಂದ್ರೂ ನಿಂತ್ಕೋತಾರೆ."

ಇಷ್ಟು ದಿನ ನಾನು ಅವಳನ್ನು ಸೋಮಾರಿ ಎಂದುಕೊಂಡಿದ್ದೆ. ಅವಳು ನಾನು ಹೇಳಿದ್ದಕ್ಕಿಂತ ಹೆಚ್ಚು ಮಾಡಿಕೊಂಡು ಕೂತಿದ್ದಳು. ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಹೊಸ ಲಿಗಮೆಂಟಿನ ಮೇಲೆ ಆಳು ನಿಲ್ಲಿಸುವುದೆಂದರೇನು? ಆದರೆ ಆ ಸಿಟ್ಟಿನ ನಡುವೆಯೂ ಒಂದು ಸಂಗತಿ ನಿಚ್ಚಳವಾಯಿತು. ಮೈಮೇಲೆ ಆಳು ನಿಂತರೂ ನೆಟ್ಟಗಾಗದ ಮಂಡಿಗೆ ವ್ಯಾಯಾಮ ಕಡಿಮೆಯಾಗಿದೆ ಎನ್ನುವ ಮಾತು ನಿಲ್ಲುವುದಿಲ್ಲ. ಅಲ್ಲೇ ನೆಲದ ಮೇಲೆ ಕೂತು ಅವಳ ಕಾಲನ್ನು ಮೆಲ್ಲಗೆ ಚಾಚಿ ನೋಡಿದೆ. ಸಲೀಸಾಗಿ ಬಂತು, ಗಕ್ಕನೆ ನಿಂತಿತು, ಟಕ್ ಎಂದಿತು.

"ಇದು ಎಷ್ಟು ದಿನದಿಂದ ಹೀಗೆ ಟಕ್ ಅಂತಿದೆ?"

"ಆವಾಗ್ನಿಂದ್ಲೂ ಅನ್ತದೆ ಅಕ್ಕ. ನೀವು ಕೇಳ್ಲಿಲ್ಲ. ಅಂಗೇ ಇರ್ತದೇನೋ ಅನ್ಕೊಂಡೆ."

ಅವತ್ತು ಲೈಬ್ರರಿಯಲ್ಲಿ ಕೂತು ಓದಿದೆ. ನಮ್ಮ ಪಠ್ಯಪುಸ್ತಕದಲ್ಲೇ ಇತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ಎಲ್ಲರೂ ಹಾರಿಸುವ ಪುಟ. ಹೊಸ ಲಿಗಮೆಂಟಿನ ಮುಂಬದಿಯಲ್ಲಿ ಕೆಲವರಿಗೆ ಗಾಯದ ನಾರು ಗಂಟಾಗಿ ಬೆಳೆಯುತ್ತದೆ. ಕಾಲು ಚಾಚುವಾಗ ಆ ಗಂಟು ಎರಡು ಎಲುಬುಗಳ ನಡುವೆ ಸಿಕ್ಕಿ ಬಾಗಿಲಿಗೆ ಅಡ್ಡಗಲ್ಲಾಗುತ್ತದೆ. ಕ್ಯಾಮೆರಾ ತೂರಿಸಿ ನೋಡಿದರೆ ಕಣ್ಣುಗುಡ್ಡೆಯಂತೆ ಕಾಣುತ್ತದೆಂದು ಅದಕ್ಕೆ ಗ್ರೀಕ್ ಪುರಾಣದ ಒಂಟಿಕಣ್ಣಿನ ದೈತ್ಯನ ಹೆಸರಿಟ್ಟಿದ್ದಾರೆ. ವ್ಯಾಯಾಮದಿಂದ ಅದು ಹೋಗುವುದಿಲ್ಲ. ತಳ್ಳಿದಷ್ಟೂ ಮಂಡಿ ಕೆರಳುತ್ತದೆ.

ಗೈಡ್ ಹೊರಡುವ ಮೊದಲೇ ಹಿಡಿದುಕೊಂಡೆ. ಅವರು ನಕ್ಕರು.

"ಪುಸ್ತಕ ಓದಿದವರಿಗೆಲ್ಲ ಪುಸ್ತಕದಲ್ಲಿರೋ ಕಾಯಿಲೆನೇ ಕಾಣುತ್ತೆ. ರೋಗ ಕಂಡುಹಿಡಿಯೋದು ಸರ್ಜನ್ ಕೆಲಸ, ನಮ್ಮದು ರಿಹ್ಯಾಬ್. ಯೋಚನೆ ಮಾಡು, ಮತ್ತೆ ಆಪರೇಷನ್ ಆದರೆ ನಿನ್ನ ಕೇಸ್ ಸ್ಟಡಿ ಅಲ್ಲಿಗೇ ಮುಗೀತು. ಒಂದೇ ಆಪರೇಷನ್, ಒಂದೇ ಪ್ರೋಟೋಕಾಲ್ ಅಂತ ತಾನೇ ನಾವು ಯೂನಿವರ್ಸಿಟಿಗೆ ಬರೆದುಕೊಟ್ಟಿರೋದು? ಹೊಸ ಕೇಸ್ ಹಿಡಿದು ಮೊದಲಿನಿಂದ ಶುರು ಮಾಡ್ತೀಯಾ?"

"ಹಾಗಾದ್ರೆ ಏನು ಮಾಡ್ಲಿ ಸರ್?"

"ತಳ್ಳು."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ ಎಂಬುದೇ ನನಗೆ ಹೆಚ್ಚು ಉರಿ ಹತ್ತಿಸಿತು. ನಾನು ವಿದ್ಯಾರ್ಥಿನಿ, ರೋಗ ಇಂಥದ್ದೆಂದು ಹೇಳುವ ಹಕ್ಕು ನನಗಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು. ಅರೆಬಾಗಿದ ಮಂಡಿಯನ್ನೇ 'ಸಾಧಾರಣ ಫಲಿತಾಂಶ' ಎಂದು ಬರೆದು ಪಾಸಾಗಿ ಹೊರಗೆ ಬರಬಹುದಿತ್ತು. ಅಂಥ ಎಷ್ಟೋ ಮಂಡಿಗಳು ಹಾಗೆ ಪಾಸಾಗಿ ಹೋಗಿರಲೂಬಹುದು.

ಮಧ್ಯಾಹ್ನ ಅವಳು ಬಂದು, ಹೇಳುವ ಮೊದಲೇ ಮಂಚದ ಮೇಲೆ ಬೋರಲು ಮಲಗಿ, ದುಪಟ್ಟಾದ ತುದಿಯನ್ನು ಬಾಯಿಗಿಟ್ಟುಕೊಂಡು ಸಿದ್ಧವಾದಳು. ಮರಳಿನ ಚೀಲ ಕೈಯಲ್ಲಿ ಹಿಡಿದವಳು ಅದನ್ನು ಮತ್ತೆ ಕಪಾಟಿಗೆ ಇಟ್ಟುಬಿಟ್ಟೆ.

"ಏಳು. ಇನ್ನು ತಳ್ಳೋದಿಲ್ಲ. ಸರ್ಜನ್ ಹತ್ರ ಹೋಗೋಣ."

"ಏನಕ್ಕ, ಕೈ ಬುಟ್‌ಬುಟ್ರಾ?" ಅವಳ ಮುಖ ಬಿಳಿಚಿಕೊಂಡಿತು.

"ಬಿಟ್ಟಿಲ್ಲ ಮಾರಾಯ್ತಿ. ನಾನೂ ಬರ್ತೇನೆ, ನಡಿ."

ಸರ್ಜನ್ನರ ಒಪಿಡಿಯಲ್ಲಿ ನಮ್ಮನ್ನು ಮೊದಲು ಒಬ್ಬ ಕಿರಿಯ ಡಾಕ್ಟರು ನೋಡಿ, ಕಸಿ ಮಾಡಿದ ಲಿಗಮೆಂಟ್ ಎಳೆದು ಪರೀಕ್ಷಿಸಿ, "ಗ್ರಾಫ್ಟ್ ಗಟ್ಟಿಯಾಗಿದೆ, ಫಿಸಿಯೋ ಮುಂದುವರಿಸಿ," ಎಂದು ಕಳಿಸಿದರು. ನಾನೇ ಫಿಸಿಯೋ ಎಂದೆ. ಹಾಗಾದರೆ ಮುಂದುವರಿಸಿ ಎಂದರು. ನಾವು ಹೊರಗಿನ ಬೆಂಚಿನ ಮೇಲೆ ಕೂತೆವು. ಎಲ್ಲ ರೋಗಿಗಳೂ ಮುಗಿದು ಸರ್ಜನ್ ಬಾಗಿಲಿನಿಂದ ಹೊರಬಂದಾಗ ಎದ್ದು ಅಡ್ಡ ನಿಂತೆ.

"ಸರ್, ಒಂದೇ ನಿಮಿಷ. ಹಿಮ್ಮಡಿ ನೋಡಿದ್ರೆ ಸಾಕು."

ಅವರು ಗಡಿಯಾರ ನೋಡಿಕೊಂಡರು. ಬೇಡ ಎನ್ನುವಷ್ಟರಲ್ಲಿ ನಾನು ಅವಳಿಗೆ ಕಣ್ಸನ್ನೆ ಮಾಡಿದ್ದೆ. ಅವಳು ಆ ಕಾರಿಡಾರಿನ ಬೆಂಚಿನ ಮೇಲೇ ಬೋರಲು ಮಲಗಿ ಕಾಲುಗಳನ್ನು ಅಂಚಿನಾಚೆ ಚಾಚಿದಳು. ವಾರ್ಡಿನ ಆಯಾ, ಔಷಧಿ ತೆಗೆದುಕೊಳ್ಳಲು ನಿಂತವರು ಎಲ್ಲರೂ ತಿರುಗಿ ನೋಡಿದರು. ಎಡ ಹಿಮ್ಮಡಿ ಕೆಳಗೆ, ಬಲ ಹಿಮ್ಮಡಿ ಮೇಲೆ. ಬರಿಗಣ್ಣಿಗೇ ಕಾಣುವ ಅಂತರ.

"ವ್ಯಾಯಾಮ ಮಾಡಿಲ್ಲ," ಎಂದರು ಸರ್ಜನ್.

"ಮಾಡಿದ್ದಾಳೆ ಸರ್. ಬೇಕಾದ್ದಕ್ಕಿಂತ ಹೆಚ್ಚು ಮಾಡಿದ್ದಾಳೆ. ನಾನು ನೋಡಿದ್ದೇನೆ. ಕೊನೆಯಲ್ಲಿ ಒಮ್ಮೆ ನೀವೇ ಒತ್ತಿ ನೋಡಿ."

ಅವರು ಬೇಸರದಿಂದಲೇ ಬಗ್ಗಿ, ಒಂದು ಕೈಯನ್ನು ಮಂಡಿಯ ಮೇಲೂ ಇನ್ನೊಂದನ್ನು ಕಣಕಾಲಿನ ಮೇಲೂ ಇಟ್ಟು ಒತ್ತಿದರು. ಮತ್ತೊಮ್ಮೆ ಒತ್ತಿದರು. ಆಮೇಲೆ ಕೈಚೀಲವನ್ನು ನೆಲದ ಮೇಲಿಟ್ಟು, ಸರಿಯಾಗಿ ನಿಂತು ಇನ್ನೊಮ್ಮೆ ಒತ್ತಿದರು. ಒಳಗೆ ಹೋಗಿ ಎಂ.ಆರ್.ಐ.ಗೆ ಬರೆದುಕೊಟ್ಟರು.

ಗಂಟು ಇತ್ತು. ಸ್ಕ್ಯಾನಿನಲ್ಲಿ ಗೋಲಿಯಂತೆ, ಲಿಗಮೆಂಟಿನ ಮುಂದೆಯೇ. ನಾನು ಖುಷಿಪಡಬೇಕಾಗಿತ್ತು, ಬದಲು ಆ ಚಿತ್ರದ ಎದುರು ನಿಂತು ನನಗೆ ಅಳುವೇ ಬಂತು. ಇದರ ಮೇಲೆಯೇ ಅಲ್ಲವೇ ವಾರಗಟ್ಟಲೆ ನನ್ನ ಮೈಭಾರ ಹಾಕಿದ್ದು?

ಎರಡನೆಯ ಆಪರೇಷನ್ ಚಿಕ್ಕದು. ಕ್ಯಾಮೆರಾ ತೂರಿಸಿ ಆ ಗಂಟನ್ನು ಕೆರೆದು ತೆಗೆದರು. ಮರುದಿನ ವಾರ್ಡಿಗೆ ಹೋದಾಗ ಅವಳು ಬ್ಯಾಂಡೇಜಿನ ಕಾಲನ್ನು ಹಾಸಿಗೆಯ ಮೇಲೆ ಚಾಚಿಕೊಂಡಿದ್ದಳು. ನಾನು ಮಂಡಿಯ ಕೆಳಗೆ ಅಂಗೈ ತೂರಿಸಲು ಹೋದೆ. ತೂರಲಿಲ್ಲ, ಬೆರಳ ತುದಿಗಳಷ್ಟೇ ಹೋದವು. ಅವಳು ತೊಡೆ ಬಿಗಿದು ನನ್ನ ಬೆರಳುಗಳನ್ನು ಹಾಸಿಗೆಗೆ ಅದುಮಿ ಹಿಡಿದಳು.

"ಬುಡ್ಲಾ ಅಕ್ಕ, ನೋಯ್ತದಾ?" ಎಂದು ಕೇಳಿ ನಕ್ಕಳು.

"ಇನ್ನೂ ಸ್ವಲ್ಪ ಹೊತ್ತು ಹಿಡ್ಕೊ," ಎಂದೆ.

ಮುಂದಿನದು ಗೈಡ್ ಹೇಳಿದಂತೆಯೇ ಆಯಿತು. ಕೇಸ್ ಸ್ಟಡಿ ಕೈಬಿಟ್ಟು ಹೋಯಿತು. ಜೊತೆಯವರು ಪದವಿ ಮುಗಿಸಿ ಕೆಲಸ ಹುಡುಕುತ್ತಿರುವಾಗ ನಾನು ಅಡ್ಯಾರಿನಿಂದ ಬರುತ್ತಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಬ್ಯಾಡ್ಮಿಂಟನ್ ಭುಜವನ್ನು ಮೊದಲಿನಿಂದ ಶುರುಮಾಡಿದೆ. ಅವರು ವ್ಯಾಯಾಮ ಮಾಡುತ್ತಿರಲಿಲ್ಲ, ನಿಜಕ್ಕೂ ಮಾಡುತ್ತಿರಲಿಲ್ಲ. ಕೇಳಿದರೆ ಕ್ರಿಕೆಟ್ ಬಗ್ಗೆ ಮಾತು ತೆಗೆಯುತ್ತಿದ್ದರು. ಈ ನಡುವೆ ವಿಭಾಗದ ಸಭೆಯಲ್ಲಿ ಗೈಡ್ ಅವಳ ಮಂಡಿಯ ಸ್ಕ್ಯಾನನ್ನು ತೆರೆಯ ಮೇಲೆ ತೋರಿಸಿ, ಇಂಥದ್ದನ್ನು ಬೇಗ ಅನುಮಾನಿಸುವುದು ಎಷ್ಟು ಮುಖ್ಯವೆಂದು ಮನಮುಟ್ಟುವಂತೆ ವಿವರಿಸಿದರು. ಕೊನೆಯಲ್ಲಿ "ನಮ್ಮ ತಂಡ" ಎಂದರು. ನಾನು ಹಿಂದಿನ ಸಾಲಿನಲ್ಲಿ ಕೂತು ಸಮೋಸ ತಿಂದೆ. ಹಸಿವಾಗಿತ್ತು.

ಅವಳ ಮಂಡಿಯನ್ನು ಮಾತ್ರ ಬಿಡಲಿಲ್ಲ. ಕೇಸಿಗೆ ಲೆಕ್ಕವಿಲ್ಲದಿದ್ದರೂ ಅವಳು ಬರುತ್ತಿದ್ದಳು, ನಾನು ಮಾಡಿಸುತ್ತಿದ್ದೆ. ಕಾಲು ಚಾಚಿದ ಮೇಲೆ ತೊಡೆ ತುಂಬಿಕೊಂಡಿತು. ಆಮೇಲೆ ಓಟ. ಆಮೇಲೆ ಜಿಗಿತ: ಮೊದಲು ಗಿಡ್ಡ ಪೆಟ್ಟಿಗೆಯಿಂದ ಎರಡೂ ಕಾಲಿಗೆ, ಮುಂದೆ ಒಂದೇ ಕಾಲಿಗೆ, ಅದಾದ ಮೇಲೆ ಗಾಳಿಯಲ್ಲೇ ಮೈ ತಿರುಗಿಸಿ. ಇಳಿಯುವಾಗ ಮಂಡಿ ಒಳಕ್ಕೆ ವಾಲುತ್ತದೆಯೇ ಎಂದು ಫೋನಿನಲ್ಲಿ ವಿಡಿಯೋ ತೆಗೆದು ಇಬ್ಬರೂ ನಿಧಾನಗತಿಯಲ್ಲಿ ನೋಡುತ್ತಿದ್ದೆವು. ಪುಸ್ತಕದಲ್ಲಿ ಫುಟ್‌ಬಾಲಿಗೆ ಮರಳುವ ಮೆಟ್ಟಿಲುಗಳಿವೆ, ಮಹಡಿಯಿಂದ ಬೀಳುವುದಕ್ಕೆ ಇಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕಾಯಿತು. ಈ ನಡುವೆ ನನಗೆ ಹೇಳದೆ ಎಲ್ಲೋ ಕಾಂಪೌಂಡು ಹಾರಿ ಬಂದು ಬೈಸಿಕೊಂಡದ್ದೂ ಉಂಟು.

ಕೊನೆಗೊಂದು ಬೆಳಿಗ್ಗೆ ಫೈಟ್ ಮಾಸ್ಟರ್ ತಮ್ಮವರಿಗೆ ತರಬೇತಿ ಕೊಡುವ ಶೆಡ್ಡಿಗೆ ಅವಳ ಜೊತೆ ಹೋದೆ. ಮ್ಯಾಟುಗಳ ನಡುವೆ ಸಂದಿ ಇದೆಯೇ ಎಂದು ನಾನೇ ಬಗ್ಗಿ ನೋಡಿ, ಹುಡುಗರ ಕೈಯಲ್ಲಿ ಒತ್ತಿಸಿ ಕಟ್ಟಿಸಿದೆ. ಅವರು ಮುಖ ಮುಖ ನೋಡಿಕೊಂಡರು. ಅವಳಷ್ಟೇ ಎತ್ತರದ ಆ ಇನ್ನೊಬ್ಬ ಹುಡುಗಿಯೂ ಗೋಡೆಗೊರಗಿ ನಿಂತು ನೋಡುತ್ತಿದ್ದಳು. ಇವಳು ಅಟ್ಟಣೆ ಏರಿದಳು. ಜಿಗಿದಳು. ನಾನು ಅವಳ ಮುಖ ನೋಡಲಿಲ್ಲ, ಮಂಡಿಯನ್ನೇ ನೋಡುತ್ತಿದ್ದೆ. ಎರಡೂ ಕಾಲು ಸಮನಾಗಿ ಇಳಿದವು, ಮಂಡಿಗಳು ಮಡಚಿ ಭಾರ ಹೀರಿಕೊಂಡವು, ಭುಜದ ಮೇಲೆ ಉರುಳಿ ಎದ್ದು ನಿಂತಳು. ಶೆಡ್ಡಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

"ಸೂಪರ್! ಇನ್ನೊರು ವಾಟಿ!" ಎಂದು ಮಾಸ್ಟರ್ ಕೂಗಿದರು. ಇನ್ನೊಂದು ಸಲ.

ಅವತ್ತಿಗೆ ಒಂದೇ ಎಂದು ನಾವು ಮಾತಾಡಿಕೊಂಡಿದ್ದೆವು. ಮಾಸ್ಟರಿಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಹೊರಗಿನವಳ ಮಾತು ಅಲ್ಲಿ ನಡೆಯುತ್ತದೆಯೋ ಇಲ್ಲವೋ ತಿಳಿಯದೆ ಹಾಗೇ ನಿಂತೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಅಂಗೈಯ ಧೂಳು ಕೊಡವಿಕೊಳ್ಳುತ್ತ ಮಾಸ್ಟರ್ ಕಡೆಗೆ ತಿರುಗಿದಳು.

"ಇಲ್ಲೆ ಮಾಸ್ಟರ್. ಇನ್ನಿಕ್ಕಿ ಪೋದುಂ."

ಇವತ್ತಿಗೆ ಸಾಕು. ಮಾಸ್ಟರ್ ಹುಬ್ಬೇರಿಸಿ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಇನ್ನೊಬ್ಬಳಿಗೆ ಅಟ್ಟಣೆ ಹತ್ತಲು ಸನ್ನೆ ಮಾಡಿದರು. ಇವಳು ಬಂದು ನನ್ನ ಪಕ್ಕದಲ್ಲಿ ಕೂತು, ಎರಡೂ ಕಾಲನ್ನು ನೆಟ್ಟಗೆ ಚಾಚಿದಳು. ಏದುಸಿರು ಇನ್ನೂ ನಿಂತಿರಲಿಲ್ಲ.

"ಅಕ್ಕ, ನಾಳೆ ಎರಡು ಎಗರ್ಲಾ?"

"ನಾಳೆ ಇಲ್ಲ. ನಾಡಿದ್ದು."